ಬೈಕಿನ ಮುಂಭಾಗದ ‘ಟಕ್’: ಸದ್ದಿನ ಜಾಗ ಹುಡುಕುವುದು ಹೇಗೆ?

ಡೊಂಬಿವಲಿಯಿಂದ ಕಟಾಯಿ ನಾಕಾ, ಶಿಳ್‌ಫಾಟಾ ದಾಟಿ ಮಹಾಪೆಗೆ ದಿನವೂ ಬೈಕಿನಲ್ಲಿ ಹೋಗಿಬರುವವರಿಗೆ ಈ ಸದ್ದಿನ ಪರಿಚಯ ಇದ್ದೇ ಇರುತ್ತದೆ. ಮಳೆಗಾಲ ಮುಗಿಯುವ ಹೊತ್ತಿಗೆ ಹ್ಯಾಂಡಲ್ಲಿನ ಕೆಳಗೆಲ್ಲೋ ‘ಟಕ್’ ಎನ್ನತೊಡಗುತ್ತದೆ. ಹೊಂಡಕ್ಕೆ ಇಳಿದಾಗ ಒಮ್ಮೆ, ಸಿಗ್ನಲ್ಲಿನಲ್ಲಿ ಬ್ರೇಕ್ ಹಿಡಿದಾಗ ಇನ್ನೊಮ್ಮೆ. ಎರಡು ವಾರದಲ್ಲಿ ಕಿವಿಗೆ ರೂಢಿಯಾಗಿಬಿಡುತ್ತದೆ. ಹಾಗೆ ರೂಢಿಯಾಗಲು ಬಿಡಬಾರದು ಎಂಬುದಕ್ಕೇ ಈ ಬರಹ. ಮುಂದಿನ ಚಕ್ರದ ಜೋಡಣೆ ಸಡಿಲವಾದರೆ ತಿರುವು, ಬ್ರೇಕು ಎರಡೂ ಕೈಕೊಡುತ್ತವೆ.

ನನ್ನ ಬೈಕಿನಲ್ಲಿ ಈ ಸದ್ದು ಶುರುವಾದಾಗ ಗ್ಯಾರೇಜಿನಲ್ಲಿ ನಾನು ಹೇಳಿದ್ದು ಒಂದೇ ಮಾತು: ‘ಆಗೇ ಸೇ ಆವಾಜ್ ಆತಾ ಹೈ.’ ಮೊದಲ ಸಲ ಫೋರ್ಕಿನ ಆಯಿಲ್ ಸೀಲ್ ಬದಲಾಯಿತು, ಎರಡನೇ ಸಲ ಬ್ರೇಕ್ ಪ್ಯಾಡ್. ಸದ್ದು ಮಾತ್ರ ಹಾಗೇ ಉಳಿಯಿತು. ಕೊನೆಗೆ ಬೇರೊಬ್ಬ ಹಿರಿಯ ಮೆಕ್ಯಾನಿಕ್ ಸ್ಪ್ಯಾನರ್ ಮುಟ್ಟುವ ಮೊದಲು ಕೇಳಿದ ಪ್ರಶ್ನೆ: ‘ಯಾವಾಗ ಬರುತ್ತದೆ? ಹೊಂಡಕ್ಕೆ ಇಳಿಯುವಾಗಲೋ, ಏಳುವಾಗಲೋ, ಬ್ರೇಕ್ ಹಿಡಿದಾಗಲೋ?’ ಕೋನ್ ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಬೇರಿಂಗ್, ಸಡಿಲವಾಗಿತ್ತು. ಬಿಗಿ ಮಾಡಲು ಅರ್ಧ ಗಂಟೆಯೂ ಬೇಕಾಗಲಿಲ್ಲ.

ಆದ್ದರಿಂದ ಮೊದಲ ಹೆಜ್ಜೆ ಕೇಳಿಸಿಕೊಳ್ಳುವುದು. ಅದಕ್ಕೆ ನಮ್ಮ ರಸ್ತೆಗಳೇ ಸಾಕು. ಪೇವರ್ ಬ್ಲಾಕ್ ಹಾಸಿದ ಕಡೆ ನಿಧಾನವಾಗಿ ಹೋಗುವಾಗ ಒಂದೇ ಸಮನೆ ಕಟಕಟ ಎಂದರೆ ಬ್ರೇಕ್ ಪ್ಯಾಡು, ಸಡಿಲ ಬೋಲ್ಟು ಅಥವಾ ಕೋನ್ ಸೆಟ್ ಮೇಲೆ ಸಂಶಯ ಪಡಬೇಕು. ಅಲ್ಲಿಯೇ ಮುಂದಿನ ಬ್ರೇಕನ್ನು ಹಗುರವಾಗಿ ತಾಗಿಸಿ ನೋಡಿ. ಸದ್ದು ನಿಂತರೆ ಅದು ಬಹುಮಟ್ಟಿಗೆ ಪ್ಯಾಡಿನದು. ಪಾಮ್ ಬೀಚ್ ರಸ್ತೆಯಂಥ ನಯವಾದ ಕಡೆ ಏನೂ ಇಲ್ಲದೆ, ಸಿಗ್ನಲ್ಲಿನಲ್ಲಿ ನಿಲ್ಲಿಸುವಾಗ ಮಾತ್ರ ಒಂದೇ ಒಂದು ‘ಟಕ್’ ಬಂದರೆ ಕೋನ್ ಸೆಟ್ ಅಥವಾ ಫೋರ್ಕಿನ ಬುಶ್. ಘೋಡ್‌ಬಂದರ್ ರಸ್ತೆಯ ಗಾಯಮುಖ ಘಾಟಿಯಂಥಲ್ಲಿ ದೊಡ್ಡ ಹೊಂಡಕ್ಕೆ ಬಿದ್ದಾಗ ‘ಧಡ್’ ಎಂದರೆ ಫೋರ್ಕ್ ತಳ ಮುಟ್ಟುತ್ತಿದೆ. ಸ್ಪೀಡ್ ಬ್ರೇಕರ್ ದಾಟಿ ಮುಂದಿನ ಚಕ್ರ ಕೆಳಗಿಳಿಯುವಾಗ ಸದ್ದು ಬಂದರೆ ಅದೇ ಫೋರ್ಕ್ ಪೂರ್ತಿ ಚಾಚಿಕೊಂಡು ಮೇಲಿನ ಕೊನೆಯಲ್ಲಿ ಬಡಿಯುತ್ತಿದೆ.

ಇನ್ನು ಕೈಯಿಂದ ನೋಡುವ ಕೆಲಸ. ಸೊಸೈಟಿಯ ಪಾರ್ಕಿಂಗಿನಲ್ಲಿ ನೀರು ಹರಿಯಲೆಂದು ಇಳಿಜಾರು ಬಿಟ್ಟಿರುತ್ತಾರೆ, ಸಮತಟ್ಟಾದ ಜಾಗ ಹುಡುಕಿ. ಇಂಜಿನ್ ತಣ್ಣಗಿರಲಿ, ಜೊತೆಗೆ ಒಬ್ಬರು ಇರಲಿ. ಮಡ್‌ಗಾರ್ಡ್, ನಂಬರ್ ಪ್ಲೇಟ್, ಹಾರ್ನ್, ಹೆಡ್‌ಲೈಟ್, ಲೆಗ್ ಗಾರ್ಡ್ ಒಂದೊಂದನ್ನೂ ಹಿಡಿದು ಅಲ್ಲಾಡಿಸಿ. ಸಡಿಲವಾದ ಲೆಗ್ ಗಾರ್ಡ್ ಹೊಡೆದುಕೊಳ್ಳುವ ಸದ್ದು ಥೇಟ್ ಫೋರ್ಕಿನ ಸದ್ದಿನಂತೆಯೇ ಇರುತ್ತದೆ, ಎಷ್ಟೋ ಜನ ಅಲ್ಲೇ ಮೋಸಹೋಗುತ್ತಾರೆ. ಆಮೇಲೆ ಆ್ಯಕ್ಸಲ್ ನಟ್ ಮತ್ತು ಡಿಸ್ಕ್ ಬ್ರೇಕಿನ ಕ್ಯಾಲಿಪರ್ ಹಿಡಿದಿರುವ ಎರಡು ಬೋಲ್ಟು. ಈ ನಟ್ಟು, ಬೋಲ್ಟುಗಳಲ್ಲಿ ಯಾವುದು ಸಡಿಲವಿದ್ದರೂ ಬೈಕ್ ಓಡಿಸಬೇಡಿ.

ಮುಂದೆ ಡ್ರಮ್ ಬ್ರೇಕ್ ಇರುವವರು ಇನ್ನೊಂದನ್ನು ನೋಡಬೇಕು. ಬ್ರೇಕ್ ಪ್ಲೇಟಿನಲ್ಲಿರುವ ಖಾಚಿನೊಳಗೆ (ಕೊರೆದ ಸಂದಿನೊಳಗೆ) ಫೋರ್ಕ್ ಕಾಲಿನ ಉಬ್ಬು ಸರಿಯಾಗಿ ಕೂತಿರಬೇಕು. ಪಂಕ್ಚರ್ ಹಾಕಿಸಿದ ಮೇಲೆ ಸದ್ದು ಶುರುವಾಗಿದ್ದರೆ ಮೊದಲು ಇದನ್ನೇ ನೋಡಿ. ಅದು ಕೂರದಿದ್ದರೆ ಬ್ರೇಕ್ ಹಿಡಿದಾಗ ಪ್ಲೇಟೇ ತಿರುಗಿ ಚಕ್ರ ಸಿಕ್ಕಿಹಾಕಿಕೊಳ್ಳಬಹುದು.

ಈಗ ಮುಖ್ಯ ಪರೀಕ್ಷೆ. ಬೈಕನ್ನು ಸೆಂಟರ್ ಸ್ಟ್ಯಾಂಡಿಗೆ ಹಾಕಿ, ಜೊತೆಗಿರುವವರು ಹಿಂಬದಿಯನ್ನು ಒತ್ತಿ ಹಿಡಿದು ಮುಂದಿನ ಚಕ್ರ ನೆಲಬಿಡುವಂತೆ ಮಾಡಲಿ. ಸೈಡ್ ಸ್ಟ್ಯಾಂಡ್ ಮಾತ್ರ ಇರುವ ಬೈಕನ್ನು ಒಬ್ಬರೇ ವಾಲಿಸುವ ಸಾಹಸ ಬೇಡ, ಅದನ್ನು ಗ್ಯಾರೇಜಿನಲ್ಲೇ ನೋಡಿಸಿ. ಚಕ್ರದ ಮುಂದೆ ಕೂತು ಎರಡೂ ಫೋರ್ಕ್ ಕಾಲುಗಳ ಕೆಳತುದಿಯನ್ನು ಹಿಡಿದು ನಿಮ್ಮತ್ತ ಎಳೆಯಿರಿ, ಹಿಂದಕ್ಕೆ ತಳ್ಳಿ. ಕೈಗೆ ‘ಕಟ್’ ಎಂದು ತಾಗಿದರೆ ಎಲ್ಲಿ ಅಲ್ಲಾಡುತ್ತಿದೆ ಎಂದು ಗಮನಿಸಿ. ಫ್ರೇಮಿನ ತಲೆಗೂ, ಎರಡೂ ಫೋರ್ಕ್ ಪೈಪುಗಳನ್ನು ಜೋಡಿಸಿ ಹಿಡಿದಿರುವ ಕೆಳಗಿನ ಟಿ ಪಟ್ಟಿಗೂ ನಡುವಿನ ಸಂದಿಗೆ ಬೆರಳು ತಾಗಿಸಿ ಹಿಡಿದರೆ ಅಲುಗಾಟ ಬೆರಳಿಗೇ ತಿಳಿಯುತ್ತದೆ. ಅಲ್ಲಿದ್ದರೆ ಕೋನ್ ಸೆಟ್. ಮೇಲಿನ ಹೊಳೆಯುವ ಪೈಪು ಕೆಳಗಿನ ದಪ್ಪ ಕಾಲಿನೊಳಗೆ ಅಲ್ಲಾಡಿದರೆ ಬುಶ್ ಸವೆದಿದೆ. ಚಕ್ರವನ್ನು ಮಾತ್ರ ಮೇಲೆ ಕೆಳಗೆ ಹಿಡಿದು ಅಡ್ಡಕ್ಕೆ ಅಲ್ಲಾಡಿಸಿದಾಗ ಆಟ ಕಂಡರೆ ವ್ಹೀಲ್ ಬೇರಿಂಗ್. ಹಳೆಯ ಬೇರಿಂಗಿನ ಮೇಲೆ ಕೊರೆದ ಸಂಖ್ಯೆಯನ್ನು ಬರೆದುಕೊಂಡು ಅದನ್ನೇ ತನ್ನಿ. 6301 ಎಂದಿದ್ದರೆ ಒಳತೂತು 12 ಮಿ.ಮೀ., ಹೊರ ಅಳತೆ 37 ಮಿ.ಮೀ.

ಕೋನ್ ಸೆಟ್ ಎಂದರೆ ಹ್ಯಾಂಡಲ್ ತಿರುಗಲು ಫ್ರೇಮಿನ ತಲೆಯ ಮೇಲೊಂದು, ಕೆಳಗೊಂದು ಇರುವ ಬಟ್ಟಲುಗಳು ಮತ್ತು ಅವುಗಳ ಗುಂಡುಗಳು. ನಾವು ಬೈಕ್ ಓಡಿಸುವುದು ಬಹುಪಾಲು ನೇರಕ್ಕೆ. ಹೊಂಡದ ಏಟೆಲ್ಲ ಗುಂಡುಗಳ ಮೂಲಕ ಬಟ್ಟಲಿನ ಅದದೇ ಜಾಗಕ್ಕೆ ಬೀಳುತ್ತದೆ. ನೀರು ಹೊಕ್ಕು ಗ್ರೀಸ್ ತೊಳೆದುಹೋಗಿದ್ದರೆ ಅಲ್ಲಿ ಸಣ್ಣ ಕುಳಿ ಮೂಡುತ್ತದೆ. ಹಾಗಾಗಿ ಚಕ್ರ ಮೇಲೆತ್ತಿರುವಾಗಲೇ ಹ್ಯಾಂಡಲನ್ನು ಎರಡು ಬೆರಳಿನಿಂದ ಎಡಕ್ಕೂ ಬಲಕ್ಕೂ ನಿಧಾನವಾಗಿ ತಿರುಗಿಸಿ. ನಟ್ಟನಡುವೆ ಬಂದಾಗ ಕುಳಿಯಲ್ಲಿ ಕೂತಂತೆ ತಡೆದರೆ ಬಿಗಿ ಮಾಡಿ ಉಪಯೋಗವಿಲ್ಲ, ಪೂರ್ತಿ ಸೆಟ್ ಬದಲಿಸಬೇಕು. ಗುಂಡುಗಳನ್ನಷ್ಟೇ ಹೊಸದು ಹಾಕಿ ಹಳೆಯ ಬಟ್ಟಲು ಉಳಿಸಿದರೆ ಕೆಲವೇ ತಿಂಗಳಲ್ಲಿ ಮತ್ತೆ ಅದೇ ಪಾಡು.

ತಡೆ ಇಲ್ಲದೆ ಬರೀ ಸಡಿಲವಿದ್ದರೆ ಮನೆಯಲ್ಲೇ ಸರಿಮಾಡಬಹುದು. ಮೇಲಿನ ದೊಡ್ಡ ನಟ್ ಸಡಿಲಿಸಿ. ಮೇಲಿನ ಟಿ ಪಟ್ಟಿಯಲ್ಲಿ ಫೋರ್ಕ್ ಪೈಪನ್ನು ಹಿಡಿದಿರುವ ಬೋಲ್ಟುಗಳಿದ್ದರೆ ಅವನ್ನೂ ತುಸು ಸಡಿಲಿಸಿ. ಆ ಪಟ್ಟಿಯ ಕೆಳಗೆ ಖಾಚುಗಳಿರುವ ಉಂಗುರದ ನಟ್ ಕಾಣುತ್ತದೆ. ಅದನ್ನು ಸಿ-ಸ್ಪ್ಯಾನರಿನಿಂದ ಒಂದು ಸಲಕ್ಕೆ 1/8 ಸುತ್ತು ಮಾತ್ರ ಬಿಗಿ ಮಾಡಿ, ಮತ್ತೆ ಎಳೆದು ನೋಡಿ. ಸ್ಕ್ರೂ ಡ್ರೈವರ್ ಇಟ್ಟು ಸುತ್ತಿಗೆಯಿಂದ ಬಡಿಯುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ಖಾಚು ಹಾಳಾಗುತ್ತದೆ, ಎಷ್ಟು ಬಿಗಿಯಾಯಿತೆಂದು ಕೈಗೆ ಗೊತ್ತಾಗುವುದೂ ಇಲ್ಲ. ಮೇಲಿನ ನಟ್ ಬಿಗಿಯುವಾಗ ಅದು ಉಂಗುರವನ್ನು ಇನ್ನಷ್ಟು ಒತ್ತುತ್ತದೆ, ಆದ್ದರಿಂದ ಎಲ್ಲ ಬಿಗಿಯಾದ ಮೇಲೆ ಇನ್ನೊಮ್ಮೆ ಪರೀಕ್ಷೆ ಆಗಲೇಬೇಕು. ಎಳೆದರೆ ಆಟ ಇರಬಾರದು. ನಡುವಿನಿಂದ ಮೆಲ್ಲಗೆ ತಳ್ಳಿದರೆ ಹ್ಯಾಂಡಲ್ ತನ್ನ ಭಾರಕ್ಕೇ ಕೊನೆಯವರೆಗೆ ವಾಲಬೇಕು. ವಾಲದೆ ನಿಂತರೆ ಅತಿ ಬಿಗಿಯಾಗಿದೆ, ಇಲ್ಲವೇ ಯಾವುದೋ ಕೇಬಲ್ ಎಳೆಯುತ್ತಿದೆ. ಅತಿ ಬಿಗಿಯಾದ ಬೈಕ್ ಶಿಳ್‌ಫಾಟಾದ ಟ್ರಾಫಿಕ್ಕಿನಲ್ಲಿ ನೇರ ನಡೆಯದು, ಅತ್ತಿತ್ತ ತೊನೆಯುತ್ತದೆ.

ಪ್ಯಾಡಿನ ಸದ್ದು ಅಲ್ಪಸ್ವಲ್ಪ ಇದ್ದರೆ ಚಿಂತೆಯಿಲ್ಲ. ಹೊಸ ಪ್ಯಾಡ್ ಹಾಕಿಸಿದ ದಿನದಿಂದಲೇ ಸದ್ದು ಹೆಚ್ಚಾಗಿದ್ದರೆ ಕ್ಯಾಲಿಪರಿನೊಳಗಿನ ತೆಳು ಸ್ಪ್ರಿಂಗ್ ಪಟ್ಟಿ ಬಿಟ್ಟುಹೋಗಿದೆಯೇ ಎಂದು ನೋಡಿಸಿ.

ಫೋರ್ಕ್ ಬಿಚ್ಚುವ ಕೆಲಸ ಮೆಕ್ಯಾನಿಕ್‌ಗೇ ಬಿಡಿ. ಮೇಲಿನ ಮುಚ್ಚಳದ ಕೆಳಗೆ ಸ್ಪ್ರಿಂಗ್ ಒತ್ತಡದಲ್ಲಿರುತ್ತದೆ, ಮುಖಕ್ಕೆ ಸಿಡಿಯಬಹುದು. ಆದರೆ ಎದುರಿಗೆ ನಿಂತು ಎರಡು ಸಂಗತಿ ನೋಡಿಕೊಳ್ಳಿ. ಹೊರಬಂದ ಎಣ್ಣೆ ಹಾಲು ಬೆರೆಸಿದ ಚಹಾದಂತಿದ್ದರೆ ನೀರು ಸೇರಿದೆ. ಹೊಸ ಎಣ್ಣೆಯನ್ನು ಅಂದಾಜಿಗೆ ಸುರಿಯಬಾರದು, ಮಾಲೀಕರ ಕೈಪಿಡಿಯಲ್ಲೋ ಸರ್ವಿಸ್ ಮ್ಯಾನ್ಯುಯಲಿನಲ್ಲೋ ಹೇಳಿದ ಮಿ.ಲೀ. ಲೆಕ್ಕಕ್ಕೆ ಎರಡೂ ಕಾಲಿಗೆ ಸಮನಾಗಿ ಅಳೆದು ಹಾಕಬೇಕು. ಪೈಪಿನ ಸುತ್ತ ಎಣ್ಣೆಯ ಉಂಗುರ ಕಂಡರೆ ಸೀಲ್ ಹೋಗಿದೆ. ಆ ಎಣ್ಣೆ ಇಳಿದು ಡಿಸ್ಕಿಗೆ ತಾಗಿದರೆ ಬ್ರೇಕೇ ಹಿಡಿಯುವುದಿಲ್ಲ, ಅಂಥ ಬೈಕನ್ನು ಮನೆಯವರೆಗೂ ಓಡಿಸಬೇಡಿ.

ಗ್ಯಾರೇಜಿಗೆ ಹೋದಾಗ ‘ಆಗೇ ಸೇ ಆವಾಜ್’ ಎಂದು ನಿಲ್ಲಿಸದೆ ‘ಬ್ರೇಕ್ ಮಾರ್ನೇ ಪೆ ಟಕ್ ಕರ್ತಾ ಹೈ, ಕೋನ್ ಸೆಟ್ ಮೇ ಪ್ಲೇ ಹೈ’ ಎಂದು ಹೇಳಿ, ಎಳೆದು ತೋರಿಸಿ. ವಾರಂಟಿ ಇರುವ ಹೊಸ ಬೈಕಾದರೆ ಯಾವ ನಟ್ಟನ್ನೂ ಮುಟ್ಟದೆ ಕಂಪನಿಯ ಸರ್ವಿಸ್ ಸೆಂಟರಿಗೇ ಕೊಂಡೊಯ್ಯಿರಿ. ಹೊಸ ಕೋನ್ ಸೆಟ್ ಹಾಕಿಸಿದರೆ ಕೆಲವು ನೂರು ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಎಳೆದು ನೋಡಿ, ಬಟ್ಟಲುಗಳು ಕೂತು ತುಸು ಸಡಿಲವಾಗುವುದುಂಟು. ಬೈಕ್ ತೊಳೆಯಲು ಕೊಟ್ಟಾಗ ನೀರಿನ ಗನ್ನನ್ನು ಹ್ಯಾಂಡಲ್ಲಿನ ಕೆಳಗೆ, ಚಕ್ರದ ನಡುವಿಗೆ ಹಿಡಿಯದಂತೆ ಹುಡುಗನಿಗೆ ಮೊದಲೇ ಹೇಳಿ. ಬೇರಿಂಗಿನೊಳಗಿನ ಗ್ರೀಸನ್ನು ಮಳೆಗಿಂತ ಬೇಗ ತೊಳೆದುಹಾಕುವುದು ಆ ಗನ್ನಿನ ನೀರು.