ಕಾಯಕವನ್ನು ಮರಳಿ ಕೊಡುವ ದಾಸೋಹ

ಶಿವಶರಣರು ಲೋಕಕ್ಕೆ ಕೊಟ್ಟ ಎರಡು ಮಹಾತತ್ತ್ವಗಳು ಕಾಯಕ ಮತ್ತು ದಾಸೋಹ. ಸತ್ಯಶುದ್ಧವಾಗಿ ದುಡಿಯುವುದು ಕಾಯಕ. ದುಡಿದುದನ್ನು ‘ನಾನು ಕೊಟ್ಟೆ’ ಎಂಬ ಹಮ್ಮಿಲ್ಲದೆ ಸಮಾಜಕ್ಕೆ ಸಲ್ಲಿಸುವುದು ದಾಸೋಹ. ದಾಸೋಹವೆಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಅನ್ನದ ಪಂಕ್ತಿ. ತುಮಕೂರು ಸಿದ್ಧಗಂಗಾ ಮಠದ ಡಾ. ಶ್ರೀ ಶಿವಕುಮಾರ ಮಹಾಸ್ವಾಮಿಗಳವರು (1907–2019) ಅನ್ನದೊಡನೆ ಅಕ್ಷರವನ್ನೂ ಆಶ್ರಯವನ್ನೂ ಸೇರಿಸಿ ಈ ತತ್ತ್ವದ ವಿಸ್ತಾರವನ್ನು ನಾಡಿಗೇ ತೋರಿಸಿಕೊಟ್ಟರು. ಆದರೆ ಅನ್ನವನ್ನು ಬಡಿಸಿದರೂ ತುಂಬದ, ಹಣವನ್ನು ಕೊಟ್ಟರೂ ತೀರದ ಕೊರತೆಯೊಂದುಂಟು. ದುಡಿಯುತ್ತಿದ್ದ ಮನುಷ್ಯನು ತನ್ನ ಕಾಯಕವನ್ನೇ ಕಳೆದುಕೊಂಡು ಕುಳಿತಿರುವಾಗ ಅವನಿಗೆ ಸಲ್ಲಿಸಬೇಕಾದ ದಾಸೋಹ ಯಾವುದು? ಮೆದುಳಿಗೆ ಪೆಟ್ಟು ಬಿದ್ದವರ ಸೇವೆಯನ್ನು ಮುಂದಿಟ್ಟುಕೊಂಡು ಇದನ್ನು ವಿಚಾರಿಸೋಣ.

ಒಂದು ಕಾಲಕ್ಕೆ ಕೆಳದಿಯ ವೀರಶೈವ ಅರಸರ ಆಳ್ವಿಕೆಯಲ್ಲಿದ್ದ ಕರಾವಳಿಯೊಡನೆ ಬಯಲುಸೀಮೆಯ ನಮ್ಮ ಮನೆತನಗಳಿಗೆ ಇಂದಿಗೂ ಎರಡು ವಿಧದ ಸಂಬಂಧವಿದೆ. ಒಂದು ದುಡಿಮೆಯದು: ಗದಗ, ಕೊಪ್ಪಳ, ಬಾಗಲಕೋಟೆ, ವಿಜಯಪುರಗಳ ಕಡೆಯಿಂದ ಬಂದು ಉಡುಪಿ, ಮಣಿಪಾಲ, ಕಾಪು, ಕಾರ್ಕಳಗಳಲ್ಲಿ ಕಟ್ಟಡದ ಕೆಲಸ ಮಾಡಿಕೊಂಡಿರುವವರು ಅನೇಕರು. ಇನ್ನೊಂದು ಕಾಯಿಲೆಯದು: 1953ರಲ್ಲಿ ಡಾ. ಟಿ. ಎಂ. ಎ. ಪೈಗಳವರು ಮಣಿಪಾಲದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದಂದಿನಿಂದ ಆ ಗುಡ್ಡದ ಊರು ದೂರದೂರದ ರೋಗಿಗಳನ್ನು ತನ್ನೆಡೆಗೆ ಕರೆದುಕೊಂಡಿದೆ. ಹೆದ್ದಾರಿಯಲ್ಲಿ ಮೋಟಾರು ಸೈಕಲ್ಲಿನಿಂದ ಬಿದ್ದವರು, ತೆಂಗಿನ ಮರದಿಂದಲೋ ಅಡಕೆ ಮರದಿಂದಲೋ ಜಾರಿದವರು, ಮಳೆಗಾಲದಲ್ಲಿ ಹೆಂಚು ಸರಿಪಡಿಸಲು ಮಾಡು ಹತ್ತಿ ಕೆಳಗುರುಳಿದವರು, ಕಟ್ಟಡದ ಸಾರುವೆಯಿಂದ ಬಿದ್ದವರು—ಇವರಲ್ಲಿ ತಲೆಗೆ ಏಟು ತಗಲಿದವರ ಕಥೆ ಆಸ್ಪತ್ರೆಯಲ್ಲಿ ಮುಗಿಯುವುದಿಲ್ಲ. ಅಲ್ಲಿ ಪ್ರಾಣ ಉಳಿಯುತ್ತದೆ. ಬದುಕು ಉಳಿಯಬೇಕಾದುದು ಮನೆಗೆ ಬಂದ ಮೇಲೆ.

ಮೆದುಳಿನ ತೂಕ ಸುಮಾರು 1300ರಿಂದ 1400 ಗ್ರಾಂ. ದೇಹದ ತೂಕದಲ್ಲಿ ಅದು ನೂರಕ್ಕೆ ಎರಡು ಪಾಲು. ಆದರೆ ದೇಹ ಬಳಸುವ ಆಮ್ಲಜನಕದಲ್ಲಿ ಸುಮಾರು ಇಪ್ಪತ್ತು ಪಾಲು ಅದಕ್ಕೇ ಬೇಕು. ಅದರ ಎಡಭಾಗ ಶರೀರದ ಬಲಗಡೆಯನ್ನೂ ಬಲಭಾಗ ಎಡಗಡೆಯನ್ನೂ ನಡೆಸುತ್ತದೆ. ಮಾತನಾಡುವ ಶಕ್ತಿಗೆ ಎಡಭಾಗದಲ್ಲಿ ಒಂದು ನೆಲೆಯಿರುವುದನ್ನು ಫ್ರಾನ್ಸಿನ ವೈದ್ಯ ಬ್ರೋಕಾ 1861ರಲ್ಲಿ ತೋರಿಸಿದನು. ಹಣೆಯ ಹಿಂದಿನ ಭಾಗಕ್ಕೆ ಘಾಸಿಯಾದರೆ ಸಿಟ್ಟನ್ನು ತಡೆಯುವ ಶಕ್ತಿಯೂ, ಕೆಲಸವೊಂದನ್ನು ತಾನಾಗಿಯೇ ಆರಂಭಿಸುವ ಶಕ್ತಿಯೂ ಕುಂದುತ್ತವೆ. ಆದುದರಿಂದ ಹೊರಗಿನ ಗಾಯ ಮಾಯ್ದು, ನೋಡಲು ಗಟ್ಟಿಮುಟ್ಟಾಗಿರುವವನು ಸ್ನಾನಕ್ಕೂ ಏಳದೆ ಕುಳಿತಿರಬಹುದು. ನೆರೆಹೊರೆಯವರು ಅವನನ್ನು ಸೋಮಾರಿಯೆನ್ನುತ್ತಾರೆ. ಮನೆಯವರು ‘ಸ್ವಭಾವವೇ ಕೆಟ್ಟಿತು’ ಎಂದು ಮರುಗುತ್ತಾರೆ. ಮತ್ತೆ ಕೆಲವರು ಪೂರ್ವಕರ್ಮವೆಂದೋ ಗಾಳಿ ಸೋಂಕಿತೆಂದೋ ನಿಮಿತ್ತ ಕೇಳಲು ಹೊರಡುತ್ತಾರೆ. ಶಕುನ ನಿಮಿತ್ತಗಳನ್ನು ತಳ್ಳಿಹಾಕಿದ ಶರಣರ ಮಕ್ಕಳು ನಾವು. ಕಾಲಿನ ಎಲುಬು ಮುರಿದವನನ್ನು ಓಡೆನ್ನದವರು, ಮೆದುಳು ನೊಂದವನನ್ನು ‘ಮೊದಲಿನಂತಿರು’ ಎನ್ನುವುದು ನ್ಯಾಯವಲ್ಲ.

ಈ ಸೇವೆಯಲ್ಲಿ ನಿಂದೆಗಿಂತಲೂ ಸೂಕ್ಷ್ಮವಾದ ಅಪಾಯ ಮತ್ತೊಂದಿದೆ. ಅದು ಕನಿಕರ. ಒಂದು ಮನೆಯನ್ನು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಿರಿ. ಗದಗದ ಕಡೆಯಿಂದ ಬಂದು ಕಾಪುವಿನಲ್ಲಿ ಬಾಡಿಗೆ ಕೋಣೆ ಹಿಡಿದಿರುವ ಗೌಂಡಿ. ಸಾರುವೆಯಿಂದ ಬಿದ್ದು ಮೆದುಳಿನ ಬಲಭಾಗ ನೊಂದಿದೆ. ಎಡಗೈ ಸೋತಿದೆ. ಎಡಗಡೆ ಏನಿದ್ದರೂ ಅವನ ಗಮನಕ್ಕೆ ಬಾರದು. ತಟ್ಟೆಯ ಬಲಗಡೆಯ ರೊಟ್ಟಿಯನ್ನು ತಿಂದು, ಎಡಗಡೆಯ ಪಲ್ಯವನ್ನು ಹಾಗೆಯೇ ಬಿಟ್ಟು, ‘ಪಲ್ಯ ಇಲ್ಲೇನು?’ ಎಂದು ಕೇಳುತ್ತಾನೆ. ಹೆಂಡತಿ ತುತ್ತು ಮಾಡಿ ಉಣ್ಣಿಸುತ್ತಾಳೆ, ಅಂಗಿ ತೊಡಿಸುತ್ತಾಳೆ, ಅವನ ಪರವಾಗಿ ತಾನೇ ಉತ್ತರ ಕೊಡುತ್ತಾಳೆ. ಅವಳ ಪ್ರೀತಿಗೆ ಎಣೆಯಿಲ್ಲ. ಆದರೆ ಆರು ತಿಂಗಳು ಹೀಗೆಯೇ ನಡೆದರೆ ಆ ಮನೆಯಲ್ಲಿ ಆದುದೇನು? ಮೀಯಿಸಿ, ಉಡಿಸಿ, ಎಡೆಯಿಟ್ಟು ಕೂಡಿಸಿದ ಒಂದು ಮೂರ್ತಿ. ಚಲಿಸುವ ಚೈತನ್ಯವನ್ನು ಜಂಗಮವೆಂದೂ ಕದಲದೆ ನಿಂತುದನ್ನು ಸ್ಥಾವರವೆಂದೂ ಕರೆದು, ಜಂಗಮವನ್ನೇ ಮೇಲೆಂದ ಧರ್ಮ ನಮ್ಮದು. ಕನಿಕರವು ಅರಿಯದೆಯೇ ಜಂಗಮನನ್ನು ಸ್ಥಾವರವಾಗಿ ಮಾಡಿಬಿಡುತ್ತದೆ.

ಇಲ್ಲಿ ನಮಗೆ ದಾರಿ ತೋರುವವಳು ಆಯ್ದಕ್ಕಿ ಲಕ್ಕಮ್ಮ. ಆಕೆಯ ಪತಿ ಮಾರಯ್ಯನದು ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವ ಕಾಯಕ. ಒಮ್ಮೆ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಅಗತ್ಯಕ್ಕೆ ಮೀರಿದುದನ್ನು ಮರಳಿ ಸುರಿದು ಬರುವಂತೆ ಲಕ್ಕಮ್ಮ ಹೇಳಿದಳೆಂಬುದು ಎಲ್ಲರೂ ಬಲ್ಲ ಕಥೆ. ಅನುಭಾವದ ಗೋಷ್ಠಿಯಲ್ಲಿ ಮೈಮರೆತು ಮಾರಯ್ಯನ ಕಾಯಕ ನಿಂತಾಗ ಆಕೆ ಅದನ್ನು ನೆನಪಿಸಿದಳೆಂಬುದನ್ನೂ ಪರಂಪರೆ ಹೇಳುತ್ತದೆ. ಎರಡನ್ನೂ ಒಟ್ಟಿಗಿಟ್ಟು ನೋಡಿದರೆ ಒಂದು ಮಾತು ಹೊಳೆಯುತ್ತದೆ. ಆಕೆ ತಾನೇ ಹೋಗಿ ಅಕ್ಕಿ ಆಯ್ದು ತರಲಿಲ್ಲ. ಅವನ ಕಾಯಕವನ್ನು ಅವನಿಗೇ ಉಳಿಸಿ, ಅವನಿಗೆ ನೆನಪು ಮಾತ್ರ ಕೊಟ್ಟಳು. ಹೆಚ್ಚಾಗಿ ತರುವುದು ಹೇಗೆ ತಪ್ಪೋ, ಹೆಚ್ಚಾಗಿ ಮಾಡಿಕೊಡುವುದೂ ಹಾಗೆಯೇ ತಪ್ಪು. ಒಬ್ಬನು ತಾನೇ ಮಾಡಬಲ್ಲುದನ್ನು ನಾವು ಮಾಡಿಕೊಟ್ಟರೆ, ಅದು ಕೊಟ್ಟಂತಲ್ಲ, ಅವನಿಂದ ಕಸಿದಂತೆ.

ಆ ಗೌಂಡಿಯ ಮನೆಗೆ ವಾರಕ್ಕೆರಡು ದಿನ ಸ್ವಯಂಸೇವಕನೊಬ್ಬನು ಬರುತ್ತಾನೆನ್ನೋಣ. ಚಿಕಿತ್ಸಕರನ್ನು ಕೇಳಿಕೊಂಡು ಅವನು ಮಾಡುವ ಕೆಲಸ ಬಹಳ ಸಣ್ಣದು. ಮೊರದಲ್ಲಿ ಅಕ್ಕಿ ಹರಡಿ ಕಲ್ಲು ಆರಿಸಲು ಕೊಡುತ್ತಾನೆ. ಗೌಂಡಿಯ ಬಲಗೈ ಮೊರದ ಬಲಗಡೆಯ ಕಲ್ಲುಗಳನ್ನು ಮಾತ್ರ ಆರಿಸಿ ನಿಲ್ಲುತ್ತದೆ. ಎಡಗಡೆಯವನ್ನು ಸ್ವಯಂಸೇವಕನು ಆರಿಸಿಬಿಡಬಹುದು. ಎರಡು ನಿಮಿಷದ ಕೆಲಸ. ಅವನು ಹಾಗೆ ಮಾಡದೆ, ‘ಅಣ್ಣಾ, ಎಡಗಡೆ ನೋಡಿ’ ಎಂದು ಹೇಳಿ ಕಾಯುತ್ತಾನೆ. ಕತ್ತು ತಿರುಗುವವರೆಗೆ ಕಾಯುತ್ತಾನೆ. ಆ ಕಾಯುವಿಕೆಯೇ ಅವನ ದಾಸೋಹ.

ತನುವನ್ನು ಗುರುವಿಗೆ, ಮನವನ್ನು ಲಿಂಗಕ್ಕೆ, ಧನವನ್ನು ಜಂಗಮಕ್ಕೆ ಸಲ್ಲಿಸುವುದೇ ತ್ರಿವಿಧ ದಾಸೋಹ. ಈ ಸೇವೆಗಿಳಿಯುವವರು ಅದನ್ನೇ ಸೂತ್ರವಾಗಿ ಹಿಡಿಯಬಹುದು.

ತನುವಿನ ದಾಸೋಹವೆಂದರೆ ಹೇಳಿದ ದಿನ, ಹೇಳಿದ ಹೊತ್ತಿಗೆ ಹೋಗುವುದು. ನೆನಪು ಕುಂದಿದವನಿಗೆ ದಿನಚರಿಯೇ ಊರುಗೋಲು. ಗೋಡೆಯ ಮೇಲೊಂದು ಹಲಗೆ, ಅದರಲ್ಲಿ ಇಂದಿನ ವಾರ, ತಾರೀಕು, ಮಾಡಬೇಕಾದ ಕೆಲಸ. ಡಬ್ಬಿಗಳ ಮೇಲೆ ಹೆಸರು. ಕಿಸೆಯಲ್ಲಿ ಒಂದು ಪುಸ್ತಕ—ಇಷ್ಟರಿಂದಲೇ ಎಷ್ಟೋ ಕೆಲಸ ಸಾಗುತ್ತದೆ. ಮೆದುಳು ನೊಂದವನು ಬೇಗ ದಣಿಯುವುದರಿಂದ ಅಭ್ಯಾಸ ಅರ್ಧ ಗಂಟೆಗೆ ನಿಲ್ಲಲಿ. ನುಂಗುವ ಶಕ್ತಿ ಕುಂದಿರಬಹುದಾದ್ದರಿಂದ, ಚಿಕಿತ್ಸಕರನ್ನು ಕೇಳದೆ ಪ್ರೀತಿಯಿಂದಲೂ ಬಾಯಿಗೆ ನೀರು ಹನಿಸಬಾರದು. ಅದು ಶ್ವಾಸನಾಳಕ್ಕೆ ಇಳಿದೀತು. ರೋಗಿಯ ಬಳಿ ನಂಬಿಕೆಯ ಜನ ಎರಡು ತಾಸು ಕುಳಿತರೆ ಆ ಗೃಹಿಣಿ ಸಂತೆಗೆ ಹೋಗಿ ಬರಬಹುದು, ಇಲ್ಲವೇ ಕಣ್ತುಂಬ ನಿದ್ದೆ ಮಾಡಬಹುದು. ಅವಳ ನಿದ್ದೆಯೂ ಈ ಸೇವೆಯ ಫಲವೆಂದೇ ತಿಳಿಯಬೇಕು.

ಮನದ ದಾಸೋಹವೆಂದರೆ ತಾಳ್ಮೆ. ಮಾತು ತಡೆದವನೊಡನೆ ಒಬ್ಬರೇ ಮಾತನಾಡಬೇಕು; ಟಿ.ವಿ. ಆರಿಸಿರಬೇಕು. ‘ಏನು ಬೇಕು?’ ಎನ್ನುವುದಕ್ಕಿಂತ ‘ಕಾಫಿಯೋ, ಹಾಲೋ?’ ಎಂದು ಕೇಳುವುದು ಸುಲಭ. ಪದಕ್ಕಾಗಿ ಅವನು ಹುಡುಕುವಾಗ ಬಾಯಿಗೆ ಪದ ತುರುಕಬಾರದು. ಅವನು ರೇಗಿದರೆ ಅದು ಪೆಟ್ಟಿನ ರೇಗಾಟವೆಂದರಿತು ಸ್ವಲ್ಪ ದೂರ ಸರಿದು, ಶಾಂತವಾದ ಮೇಲೆ ಮುಂದುವರಿಯಬೇಕು. ‘ಮುಂದಿನ ವರ್ಷಕ್ಕೆ ಪೂರ್ತಿ ಗುಣವಾಗುತ್ತದೆ’ ಎಂಬ ಭರವಸೆ ಕೊಡುವ ಅಧಿಕಾರ ನಮಗಿಲ್ಲ. ಮೊದಲ ಆರು ತಿಂಗಳಲ್ಲಿ ಸುಧಾರಣೆ ಸಾಮಾನ್ಯವಾಗಿ ಬೇಗ; ಆಮೇಲೆ ನಿಧಾನ, ಆದರೆ ವರ್ಷಗಳವರೆಗೂ ಸಾಗಬಹುದು. ಆ ಮನೆಯ ಸಂಗತಿ ಹೊರಗೆ ಹೋಗಬಾರದು. ಸೇವೆಯ ಚಿತ್ರ ತೆಗೆದು ಹಂಚುವುದಂತೂ ಕೂಡದು. ‘ನಾನು’ ಎಂಬುದನ್ನು ಕಳೆಯಲು ಹೊರಟವನಿಗೆ ಅದರಿಂದ ಆಗಬೇಕಾದುದೇನು?

ಧನದ ದಾಸೋಹವೆಂದರೆ ಚೀಟಿ ಹರಿದು ಕೊಡುವುದಷ್ಟೇ ಅಲ್ಲ. ಚಿಕಿತ್ಸೆಗೆ ಹೋಗಿಬರುವ ಬಸ್ಸಿನ ಖರ್ಚು, ಗೋಡೆಗೊಂದು ಹಿಡಿಗಂಬಿ, ಗಾಲಿಕುರ್ಚಿ—ಇವು ಬೇಕಾಗುತ್ತವೆ. ಸರಕಾರದಿಂದ ಸಲ್ಲಬೇಕಾದುದನ್ನು ಕೊಡಿಸುವುದೂ ಇದರಲ್ಲಿಯೇ ಸೇರಿತು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ ಪ್ರಕಾರ ಉಳಿದುಹೋದ ನ್ಯೂನತೆಯನ್ನು ಪರೀಕ್ಷಿಸಿ ಗುರುತಿನ ಚೀಟಿ ಕೊಡುವ ಏರ್ಪಾಡಿದೆ. ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು ಇದಕ್ಕೆ ನೆರವಾಗುತ್ತಾರೆ. ತುಳು ಬಾರದ, ಕಚೇರಿಯ ಬಾಗಿಲು ತಿಳಿಯದ ಪರಊರಿನ ಕುಟುಂಬದ ಜೊತೆ ಒಂದು ದಿನ ನಡೆದು ಬರುವುದು ದೊಡ್ಡ ದಾನಕ್ಕೆ ಸಮಾನ.

ನಮ್ಮ ಗೃಹಸ್ಥರಿಗೆ ಇಲ್ಲಿ ಬರುವ ಸಂದೇಹವೊಂದುಂಟು. ಸೋತ ಎಡಗೈಯವನು ಇಷ್ಟಲಿಂಗ ಪೂಜೆಯನ್ನು ಮಾಡುವುದೆಂತು? ಮಂತ್ರ ಮರೆತವನಿಗೆ ಪೂಜೆಯ ಅಧಿಕಾರವಿದೆಯೆ? ಐದು ಸೂತಕಗಳನ್ನೂ ಒಲ್ಲದ ಧರ್ಮದಲ್ಲಿ ಪೆಟ್ಟು ತಗಲಿದ ಮೆದುಳಿಗೊಂದು ಆರನೆಯ ಸೂತಕವನ್ನು ಹುಟ್ಟಿಸಬೇಡಿರಿ. ಗುರು ಕೊಟ್ಟ ಲಿಂಗ ಅಂಗದ ಮೇಲಿದೆ. ಅವನು ಮರೆತರೂ ಅದು ಅವನನ್ನು ಬಿಟ್ಟಿಲ್ಲ. ಮನೆಯವರು ಅವನ ಎಡ ಅಂಗೈಯ ಕೆಳಗೆ ತಮ್ಮ ಕೈಯನ್ನು ಆಸರೆಯಾಗಿ ಹಿಡಿಯಲಿ. ವಿಭೂತಿಯನ್ನು ಅವನ ಬಲಗೈಯೇ ಧರಿಸಲಿ. ಪಂಚಾಕ್ಷರಿಯನ್ನು ಒಟ್ಟಿಗೆ ನುಡಿಯಲಿ. ಇದನ್ನು ಚಿಕಿತ್ಸೆಯೆಂದು ಹೇಳುತ್ತಿಲ್ಲ. ಚಿಕಿತ್ಸೆಗೆ ವೈದ್ಯರೇ ಬೇಕು. ಆದರೆ ತನ್ನ ಎಡಗೈ ತನಗುಂಟೆಂಬುದನ್ನೇ ಮರೆತವನು ದಿನಕ್ಕೊಮ್ಮೆಯಾದರೂ ಆ ಕರಸ್ಥಲವನ್ನು ನೋಡುವನಷ್ಟೆ! ಅದೇನು ಅಲ್ಪವೆ?

ಎಲ್ಲರೂ ಹಳೆಯ ಕೆಲಸಕ್ಕೆ ಮರಳುವುದಿಲ್ಲ. ಆ ಗೌಂಡಿ ಮತ್ತೆ ಸಾರುವೆ ಹತ್ತಲಾರನು. ಹಾಸಿಗೆ ಬಿಟ್ಟೇಳಲಾರದವರೂ ಇದ್ದಾರೆ. ಅಂಥವರಿಗೆ ಕಾಯಕವೆಲ್ಲಿಯದು? ಕಾಯಕವು ಸಂಬಳದಿಂದ ಅಳೆಯುವ ವಸ್ತುವಲ್ಲ. ಎರಡು ಅಂಗಿಗಳನ್ನು ಮುಂದೆ ಹಿಡಿದಾಗ ಕಣ್ಣಿನಿಂದ ಒಂದನ್ನು ಆರಿಸಿದರೆ ಅದೂ ಅವನ ಕ್ರಿಯೆ. ಅಷ್ಟನ್ನಾದರೂ ಕೇಳಿ ಮಾಡುವುದು ನಮ್ಮ ಕರ್ತವ್ಯ.

ಇಂಥ ಸೇವೆ ಸಂಘಟಿತವಾಗಿ ನಡೆದಿರುವುದಕ್ಕೆ ನಿದರ್ಶನಗಳಿವೆ. ಇಂಗ್ಲೆಂಡಿನಲ್ಲಿ 1979ರಲ್ಲಿ ‘ಹೆಡ್‌ವೇ’ ಎಂಬ ಸಂಸ್ಥೆ ಮೆದುಳಿನ ಗಾಯಾಳುಗಳಿಗಾಗಿಯೇ ಹುಟ್ಟಿತು. ನಮ್ಮ ದೇಶದಲ್ಲಿ ಜೋಧಪುರದ ಮಹಾರಾಜ ಗಜಸಿಂಗರು, ತಮ್ಮ ಮಗನಿಗೆ ಪೋಲೋ ಆಟದಲ್ಲಿ ತಲೆಗೆ ತೀವ್ರ ಪೆಟ್ಟಾದ ತರುವಾಯ, 2007ರಲ್ಲಿ ಭಾರತೀಯ ತಲೆಗಾಯ ಪ್ರತಿಷ್ಠಾನವನ್ನು ಸ್ಥಾಪಿಸಿದರು. ನೆರೆಯ ಕೇರಳದಲ್ಲಿ 1993ರಲ್ಲಿ ಕೋಳಿಕ್ಕೋಡಿನಲ್ಲಿ ಆರಂಭವಾದ ಉಪಶಾಮಕ ಸೇವೆ ನೆರೆಹೊರೆಯವರನ್ನೇ ಸ್ವಯಂಸೇವಕರನ್ನಾಗಿ ಮಾಡಿಕೊಂಡು ಊರೂರಿಗೆ ಹಬ್ಬಿತು. ರೋಗಿಯನ್ನು ಕಾಯುವ ಹೊಣೆ ಅವನ ಕುಟುಂಬದ್ದು ಮಾತ್ರವಲ್ಲ, ಊರಿನದೂ ಹೌದೆಂಬುದು ಇವುಗಳಿಂದ ಕಲಿಯಬೇಕಾದ ಪಾಠ.

ಪೆಟ್ಟು ಬೀಳದಂತೆ ನೋಡುವುದೂ ಸೇವೆಯೇ. ಮೋಟಾರು ಸೈಕಲ್ಲಿನ ಹಿಂದೆ ಕುಳಿತವರಿಗೂ ಹೆಲ್ಮೆಟ್ ಬೇಕು. ತಲೆಗೆ ಏಟಾದವನು ಎದ್ದು ನಡೆದಾಡುತ್ತಿದ್ದರೂ ಪದೇ ಪದೇ ವಾಂತಿ, ಹೆಚ್ಚುವ ತಲೆನೋವು, ತೂಕಡಿಕೆ, ಸೆಳವು ಕಂಡರೆ ತಡಮಾಡದೆ 108ಕ್ಕೆ ಕರೆಮಾಡಿರಿ. ಗಾಯಾಳುವನ್ನು ಆಸ್ಪತ್ರೆಗೆ ಒಯ್ದವರಿಗೆ ಕಿರುಕುಳವಾಗಬಾರದೆಂದು 2016ರಲ್ಲಿ ಸರ್ವೋಚ್ಚ ನ್ಯಾಯಾಲಯವು ಮಾರ್ಗಸೂಚಿಗಳಿಗೆ ಬಲವಿತ್ತಿದೆ; 2019ರ ಮೋಟಾರು ವಾಹನ ತಿದ್ದುಪಡಿ ಕಾಯಿದೆಯೂ ಅವರಿಗೆ ರಕ್ಷಣೆ ಕೊಟ್ಟಿದೆ. ಪೊಲೀಸರ ಅಂಜಿಕೆಯಿಂದ ರಸ್ತೆಯಲ್ಲಿ ಬಿದ್ದವನನ್ನು ದಾಟಿ ಹೋಗಲು ಈಗ ನೆಪವಿಲ್ಲ.

ಈ ತಿಂಗಳ ಅನುಷ್ಠಾನಕ್ಕೆ ಮೂರು ಮಾತುಗಳು. ಮೊದಲನೆಯದು, ನಮ್ಮ ಬೀದಿಯಲ್ಲಿ ತಲೆಗೆ ಪೆಟ್ಟಾಗಿ ಅಥವಾ ಲಕ್ವ ಹೊಡೆದು ಮನೆ ಹಿಡಿದವರು ಯಾರಿದ್ದಾರೆಂಬುದನ್ನು ತಿಳಿಯಿರಿ. ಎರಡನೆಯದು, ಮನೆಯವರ ಒಪ್ಪಿಗೆ ಪಡೆದು, ಚಿಕಿತ್ಸಕರ ಮಾತು ಕೇಳಿ, ವಾರಕ್ಕೊಂದು ಗೊತ್ತಾದ ಹೊತ್ತನ್ನು ಅವರಿಗೆಂದು ಮೀಸಲಿಡಿರಿ. ಮೂರನೆಯದು, ಅಲ್ಲಿ ಯಾವ ಕೆಲಸಕ್ಕೆ ಕೈಹಾಕುವ ಮುನ್ನವೂ ‘ಇದನ್ನು ಇವರೇ ಮಾಡಬಲ್ಲರೆ?’ ಎಂದು ನಿಮ್ಮನ್ನು ನೀವೇ ಕೇಳಿಕೊಳ್ಳಿರಿ. ಮಾಡಬಲ್ಲರೆಂದು ತೋರಿದರೆ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಪಕ್ಕದಲ್ಲಿ ಕುಳಿತುಕೊಳ್ಳಿರಿ. ಮೊರದ ಎಡಗಡೆಗೆ ಆ ಕೈ ಒಂದು ದಿನ ತಾನಾಗಿಯೇ ಸರಿದೀತು. ಸರಿಯದಿದ್ದರೂ, ಅವನನ್ನು ಮೂರ್ತಿಯೆಂದಲ್ಲದೆ ಮನುಷ್ಯನೆಂದು ಕಂಡ ಭಕ್ತಿ ವ್ಯರ್ಥವಾಗದು.