ರದ್ದಿ ಅಗ್ಗ, ದುಡಿಮೆ ಅಗ್ಗವಲ್ಲ

ಹಳೇ ಪೇಪರಿನ ಚೀಲ ಮಾರಿದರೆ ಕೂಲಿಯೂ ಗಿಟ್ಟುತ್ತಿಲ್ಲ ಎಂದು ಬರೆದಿದ್ದೀರಿ. ಚೀಲದಲ್ಲಿ ನಿಮ್ಮ ಎದುರಾಳಿ ಯಂತ್ರ. ಬೆಲೆಯಲ್ಲಿ ಅದನ್ನು ಗೆಲ್ಲಲಾಗದು. ಮೇಲಾಗಿ, ತಿಂಡಿ ಕಟ್ಟಲು ಸುದ್ದಿಪತ್ರಿಕೆ ಬಳಸುವುದನ್ನು ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ನಿಯಮಗಳು ನಿಷೇಧಿಸಿವೆ. ಬೇಕರಿಗಳನ್ನು ನಂಬಿ ಕೂರಬೇಡಿ. ಕೈಕಾಗದದ ಲಗ್ನಪತ್ರಿಕೆ, ಡೈರಿ, ಉಡುಗೊರೆ ಡಬ್ಬಿಗಳತ್ತ ಹೊರಳಿ. ರದ್ದಿಯ ನಾರು ಪ್ರತಿ ಮರುಬಳಕೆಯಲ್ಲೂ ಗಿಡ್ಡವಾಗುವುದರಿಂದ, ಬರೀ ರದ್ದಿಯ ಹಾಳೆ ಮಡಿಸಿದಲ್ಲಿ ಬೇಗ ಸೀಳುತ್ತದೆ. ಚೆನ್ನಾಗಿ ಅರೆದ ಹತ್ತಿ ಚಿಂದಿಯ ತಿರುಳು ಬೆರೆತರೆ ಗಟ್ಟಿಯಾಗುತ್ತದೆ.

‘ಕಚ್ಚಾವಸ್ತು ಪುಕ್ಕಟೆ, ಇಷ್ಟೇಕೆ ರೇಟು?’ ಎಂದು ಗಿರಾಕಿ ಕೇಳಬಹುದು. ರದ್ದಿ ಅಗ್ಗ ನಿಜ. ನೆನೆಸಿ, ಅರೆದು, ಜರಡಿಯಲ್ಲಿ ಎತ್ತಿ, ಒಣಗಿಸಿ, ಹೊಲಿಯುವ ದುಡಿಮೆ ಅಗ್ಗವಲ್ಲ. ಒಂದು ಡೈರಿಗೆ ಹಿಡಿಯುವ ಸಮಯ ಬರೆದಿಡಿ, ನಿಮ್ಮೂರಿನ ದಿನಗೂಲಿಯ ಲೆಕ್ಕ ಕಟ್ಟಿ. ಅದಕ್ಕಿಂತ ಕಡಿಮೆಗೆ ಮಾರಲೇಬೇಡಿ.