ಪರಾರ್ಥದ ಸವಾರಿ

ರೋಗಗ್ರಸ್ತರಾದ ಮಕ್ಕಳ ಸಹಾಯಾರ್ಥವಾಗಿ ಬೆಂಗಳೂರಿನಿಂದ ಮೈಸೂರಿಗೆ ಬೈಸಿಕಲ್ಲಿನ ಮೇಲೆ ಹೊರಡುವ ತಂಡವೊಂದಕ್ಕೆ ನಾನು ಹೆಸರು ಕೊಟ್ಟಾಗ ಹಿತೈಷಿಗಳು ಕೇಳಿದ ಪ್ರಶ್ನೆ ಒಂದೇ: ಕೊಡುವ ಮನಸ್ಸಿದ್ದರೆ ಹಣವನ್ನು ನೇರವಾಗಿ ಕೊಟ್ಟುಬಿಡಬಹುದಷ್ಟೆ, ನೀವು ಪೆಡಲು ತುಳಿದು ಬೆವರಿಳಿಸಿದ ಮಾತ್ರಕ್ಕೆ ಎಲ್ಲಿಯೋ ಮಲಗಿರುವ ಮಗುವಿನ ಕಾಯಿಲೆ ಇಳಿದೀತೇ? ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಆಗ ನನ್ನಲ್ಲಿ ತೃಪ್ತಿಕರವಾದ ಸಮಾಧಾನವಿರಲಿಲ್ಲ. ದೊರೆತದ್ದು ದಾರಿಯಲ್ಲಿ, ಅದೂ ಬೈಸಿಕಲ್ಲಿನ ಸಹವಾಸವೇ ಇಲ್ಲದವರೊಬ್ಬರಿಂದ.

ಮೊದಲು ಉದ್ದೇಶವನ್ನು ಹೇಳಬೇಕು. ಮಕ್ಕಳನ್ನು ಬಾಧಿಸುವ ಕ್ಯಾನ್ಸರುಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ರಕ್ತದ ಕ್ಯಾನ್ಸರು. ಅದರಲ್ಲಿಯೂ ಪ್ರಧಾನವಾದ ಒಂದು ಬಗೆಗೆ ಚಿಕಿತ್ಸೆ 2ರಿಂದ 3 ವರ್ಷಗಳವರೆಗೆ ನಡೆಯುತ್ತದೆ. ಔಷಧೋಪಚಾರದ ವೆಚ್ಚವನ್ನು ಬಡ ಕುಟುಂಬಗಳ ಪಾಲಿಗೆ ಬಹುಮಟ್ಟಿಗೆ ಸರ್ಕಾರದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ವಹಿಸಿಕೊಳ್ಳುತ್ತದೆ. ಆದರೆ ರಾಯಚೂರಿನಿಂದಲೋ ಕಲಬುರಗಿಯಿಂದಲೋ ಮಗುವನ್ನು ಹೆಗಲಿಗೆ ಹಾಕಿಕೊಂಡು ಬೆಂಗಳೂರಿಗೆ ಬಂದ ಕೂಲಿಕಾರ ದಂಪತಿಗಳು ತಿಂಗಳುಗಟ್ಟಲೆ ಎಲ್ಲಿ ತಂಗಬೇಕು, ಏನನ್ನು ಉಣ್ಣಬೇಕು, ಊರಿನಲ್ಲಿ ಬಿಟ್ಟು ಬಂದ ಉಳಿದ ಮಕ್ಕಳ ಗತಿಯೇನು, ಕಳೆದುಹೋದ ದಿನಗೂಲಿಯನ್ನು ತುಂಬಿಕೊಡುವವರಾರು ಎಂಬುದಕ್ಕೆ ಯಾವ ಕಾರ್ಡಿನಲ್ಲಿಯೂ ಉತ್ತರವಿಲ್ಲ. ಮಗು ಸ್ವಲ್ಪ ಚೇತರಿಸಿಕೊಂಡು ಆಟವಾಡತೊಡಗಿದ ಕೂಡಲೆ, ರೋಗ ವಾಸಿಯಾಯಿತೆಂದು ನಂಬಿಯೋ, ನಂಬದೆಯೂ ಕೈಯಲ್ಲಿ ಕಾಸಿಲ್ಲದೆಯೋ, ಅವರು ಚಿಕಿತ್ಸೆಯನ್ನು ನಡುವೆ ನಿಲ್ಲಿಸಿ ಊರಿನ ಬಸ್ಸು ಹತ್ತುತ್ತಾರೆ. ಗುಣವಾಗಬಹುದಾಗಿದ್ದ ರೋಗ ಮರುಕಳಿಸುತ್ತದೆ. ಇಂಥ ಕುಟುಂಬಗಳಿಗೆ ಆಸ್ಪತ್ರೆಯ ಸಮೀಪದಲ್ಲಿ ವಸತಿ ಕೊಟ್ಟು ಅಡುಗೆಯ ಅನುಕೂಲ ಮಾಡಿರುವ ಒಂದು ಸಣ್ಣ ಸಂಸ್ಥೆಗೋಸ್ಕರ ನಮ್ಮ ಸವಾರಿ.

ಪ್ರತಿಯೊಬ್ಬ ಸವಾರನೂ ತನ್ನ ಪರಿಚಿತರಿಂದ ಇಂತಿಷ್ಟು ಹಣವನ್ನು ಸಂಗ್ರಹಿಸತಕ್ಕದ್ದೆಂಬುದು ನಿಯಮ. ತೊಡೆಗಳನ್ನು ಹುರಿಗೊಳಿಸುವುದಕ್ಕಿಂತ ನಾಲಗೆಯನ್ನು ಅಣಿಗೊಳಿಸುವುದು ಬಹು ಕಷ್ಟವೆಂಬುದು ಆಗ ಅನುಭವಕ್ಕೆ ಬಂದಿತು. ಬೇಡುವುದನ್ನು ನಾವು ಹೀನವೆಂದೆಣಿಸಿ ಬೆಳೆದವರು. ಆದರೆ ನಮ್ಮ ನಾಡಿನ ವಿದ್ಯೆಯ ಬಹುಭಾಗ ಬೇಡಿ ತಂದ ಅನ್ನದ ಮೇಲೆಯೇ ಬೆಳೆಯಿತಲ್ಲವೇ? ದಿನಕ್ಕೊಂದು ಮನೆಯಂತೆ ವಾರಾನ್ನ ಮಾಡಿ ಓದಿದವರು, ಗೃಹಿಣಿಯರು ಅಡುಗೆಗೆ ಅಳೆಯುವ ಮೊದಲು ತೆಗೆದಿರಿಸಿದ ಹಿಡಿಯಕ್ಕಿಯಿಂದ ನಡೆದ ಉಚಿತ ವಿದ್ಯಾರ್ಥಿನಿಲಯಗಳಲ್ಲಿ ಉಂಡವರು ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿ. 1934ರಲ್ಲಿ ಗಾಂಧೀಜಿಯವರು ಹರಿಜನ ನಿಧಿಗಾಗಿ ಕರ್ಣಾಟಕದಲ್ಲಿ ಸಂಚರಿಸಿದಾಗ ಹೋದೆಡೆಯಲ್ಲೆಲ್ಲ ನಿಸ್ಸಂಕೋಚವಾಗಿ ಕೈನೀಡಿದರು. ಪರಾರ್ಥವಾಗಿ ಬೇಡುವವನು ತನ್ನ ಮಾನವನ್ನು ಅಡವಿಡಬೇಕಾಗಿಲ್ಲ. ಲೆಕ್ಕವನ್ನು ಮಾತ್ರ ಒಪ್ಪಿಸಬೇಕು. ಹೀಗೆಂದು ಮನಸ್ಸನ್ನು ಗಟ್ಟಿಮಾಡಿಕೊಂಡು ನಾನು ಮನೆಮನೆಗೆ ಹೋದೆ. ಬರಿಯ ಮನವಿಗೆ ಬಾಗಿಲಲ್ಲಿಯೇ ನಿಂತು ತಲೆಯಾಡಿಸಿದವರು, ಒಂದೇ ದಿನದಲ್ಲಿ ಸುಮಾರು 150 ಕಿಲೋಮೀಟರ್ ಹೋಗುತ್ತೇವೆಂದಾಗ ಒಳಗೆ ಕರೆದು ಕುಳ್ಳಿರಿಸಿದರು. ಈ ವಯಸ್ಸಿನಲ್ಲಿ ಮೊಣಕಾಲು ತಡೆದೀತೇ ಎಂದು ವಿಚಾರಿಸುತ್ತ, ಮಾತಿನ ನಡುವೆ ಆ ಮಕ್ಕಳ ವಿಷಯವನ್ನೂ ಕೇಳಿದರು. ನಗದಾಗಿ 2,000 ರೂಪಾಯಿಗಿಂತ ಹೆಚ್ಚು ಕೊಟ್ಟರೆ ಆದಾಯ ತೆರಿಗೆಯ 80ಜಿ ವಿನಾಯಿತಿ ದೊರೆಯದೆಂಬುದನ್ನು ನನಗೆ ತಿಳಿಸಿಕೊಟ್ಟವರು ಚೆಕ್ಕು ಬರೆಯುತ್ತಿದ್ದ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು.

ಅಮೆರಿಕೆಯ ಮಸಾಚುಸೆಟ್ಸ್ ಪ್ರಾಂತದಲ್ಲಿ 1980ರಲ್ಲಿ ಬಿಲ್ಲಿ ಸ್ಟಾರ್ ಎಂಬವರು 36 ಮಂದಿಯೊಡನೆ ಇಂಥದೇ ಸವಾರಿಯನ್ನಾರಂಭಿಸಿ, ಕ್ಯಾನ್ಸರ್ ಸಂಶೋಧನೆಗಾಗಿ ಆ ಮೊದಲ ವರ್ಷ 10,200 ಡಾಲರುಗಳನ್ನು ಕೂಡಿಸಿದರು. ಆ ಸವಾರಿ ಇಂದಿಗೂ ನಡೆಯುತ್ತಿದೆ. ಸವಾರರು ಸಂಗ್ರಹಿಸಿದ ಹಣದಲ್ಲಿ ಒಂದು ಕಾಸನ್ನೂ ಏರ್ಪಾಟಿನ ವೆಚ್ಚಕ್ಕೆ ಮುಟ್ಟದೆ ಸಂಸ್ಥೆಗೆ ಒಪ್ಪಿಸುವ ಅವರ ಪದ್ಧತಿ ನನಗೆ ಅತ್ಯಂತ ಅನುಕರಣೀಯವಾಗಿ ತೋರಿದೆ. ಅಂಗಿ, ಪದಕ, ಫಲಾಹಾರ, ವೇದಿಕೆ ಇವುಗಳಿಗಾಗಿ ದಾನದ ಹಣ ಸೋರಿಹೋಗುವುದಾದರೆ ಮನೆಯಲ್ಲಿರುವುದೇ ಮೇಲು. ನಮ್ಮ ತಂಡದಲ್ಲಿ ಊಟ ತಿಂಡಿಯ ಖರ್ಚನ್ನು ಅವರವರೇ ಭರಿಸಿದರು.

ಫೆಬ್ರವರಿ ತಿಂಗಳು, ಶಿವರಾತ್ರಿಯ ಹಿಂದಿನ ವಾರ. ಬೆಂಗಳೂರು–ಮೈಸೂರು ಹೆದ್ದಾರಿಯನ್ನು ಬಿಟ್ಟು ಕನಕಪುರ, ಸಾತನೂರು, ಹಲಗೂರು, ಮಳವಳ್ಳಿ, ಬನ್ನೂರುಗಳ ಮೇಲೆ ಹಾದುಹೋಗುವ ಹಳೆಯ ದಾರಿಯನ್ನು ಹಿಡಿದು, ಇನ್ನೂ ಕತ್ತಲೆಯಿರುವಾಗಲೇ ಹೊರಟೆವು. ಗುಂಪಿನಲ್ಲಿ ಸಾಗುವುದಕ್ಕೆ ಅದರದೇ ಆದ ಒಂದು ಶಾಸ್ತ್ರವುಂಟು. ಗಾಳಿಯ ಪ್ರತಿರೋಧ ವೇಗದ ವರ್ಗಕ್ಕನುಗುಣವಾಗಿ ಏರುವುದರಿಂದ, ಗಂಟೆಗೆ 25 ಕಿಲೋಮೀಟರಿನಂತೆ ಸಮತಳದಲ್ಲಿ ಹೋಗುವವನ ಶ್ರಮದ ಹೆಚ್ಚಿನ ಪಾಲು ಗಾಳಿಯನ್ನು ಸೀಳುವುದಕ್ಕೇ ವ್ಯಯವಾಗುತ್ತದೆ. ಅವನ ಬೆನ್ನಿಗೇ ಹತ್ತಿಕೊಂಡು ಬರುವವನಿಗೆ ಆ ಶ್ರಮದಲ್ಲಿ ಕಾಲುಭಾಗದಷ್ಟಾದರೂ ಉಳಿತಾಯ. ಆದ್ದರಿಂದ ಮುಂದಿನ ಸ್ಥಾನದಲ್ಲಿ ಯಾರೂ ಬಹಳ ಹೊತ್ತು ನಿಲ್ಲುವುದಿಲ್ಲ. ಬಲವಿದ್ದವನು ಕೆಲಕಾಲ ಗಾಳಿಗೆ ಎದೆಯೊಡ್ಡಿ, ಪಕ್ಕಕ್ಕೆ ಸರಿದು, ಸಾಲಿನ ಕೊನೆಗೆ ಬಂದು ಸೇರುತ್ತಾನೆ. ಹಿಂದಿರುವವನಿಗೆ ರಸ್ತೆಯೇ ಕಾಣಿಸದಾದುದರಿಂದ ಮುಂದಿರುವವನ ಕಣ್ಣೇ ಎಲ್ಲರ ಕಣ್ಣು. ಅವನು “ಗುಂಡಿ” ಎಂದು ಕೂಗಿ ಬೆರಳಿನಿಂದ ನೆಲವನ್ನು ತೋರಿಸಿದರೆ, ಆ ಕೂಗು ಒಬ್ಬರಿಂದೊಬ್ಬರಿಗೆ ದಾಟುತ್ತ ಕಟ್ಟಕಡೆಯವರೆಗೆ ಹೋಗಬೇಕು. ನಡುವೆ ಒಬ್ಬನು ಸುಮ್ಮನಾದರೂ ಅವನ ಹಿಂದಿನವನು ಬೀಳುತ್ತಾನೆ. ನಮ್ಮಲ್ಲಿ ಎಲ್ಲರಿಗಿಂತ ಸಮರ್ಥನಾದ ಯುವಕನನ್ನು ಎಲ್ಲರಿಗಿಂತ ಹಿಂದೆ ಇರಿಸಿದ್ದರು. ಉಸಿರು ಸಾಲದೆ ಹಿಂದುಳಿದ ಹೆಣ್ಣುಮಗಳೊಬ್ಬಳ ಜೊತೆಯಲ್ಲಿ ಅವನು ಬೆಳಗಿನಿಂದಲೂ ತನ್ನ ವೇಗವನ್ನು ಅಡಗಿಸಿಕೊಂಡು ಬರುತ್ತಿದ್ದುದನ್ನೂ, ಆಕೆಯ ಟ್ಯೂಬು ಪಂಕ್ಚರಾದಾಗ ರಸ್ತೆಯಂಚಿನಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು, ಟೈರಿನ ಒಳಮೈಯನ್ನು ಬೆರಳಿನಿಂದ ಸವರುತ್ತ ಜಾಲಿಮುಳ್ಳಿನ ಮೊನೆಯನ್ನು ಹುಡುಕಿ ತೆಗೆದುದನ್ನೂ ಕಂಡು ನನಗೆ ಅವನಲ್ಲಿ ಗೌರವವುಂಟಾಯಿತು.

ಹಾರೋಹಳ್ಳಿಯನ್ನು ದಾಟಿದ ಮೇಲೆ ಪಾದಯಾತ್ರಿಗಳು ಕಾಣಿಸಿಕೊಂಡರು: ಸಂಗಮಕ್ಕಿಳಿದು, ಕಾವೇರಿಯನ್ನು ಹಾಯ್ದು, ಕಾಡಿನ ಹಾದಿಯಾಗಿ ಮಲೆ ಮಹದೇಶ್ವರ ಬೆಟ್ಟಕ್ಕೆ ನಡೆಯುವವರು. “ಉಘೇ ಮಾದಪ್ಪ” ಎಂಬ ಘೋಷ ನಮ್ಮ ಗಂಟೆಯ ಸದ್ದನ್ನು ಮುಳುಗಿಸಿತು. ರಸ್ತೆಯ ಬದಿಯಲ್ಲಿ ತೆಂಗಿನ ಗರಿಯ ಚಪ್ಪರ ಹಾಕಿಸಿ ವೃದ್ಧೆಯೊಬ್ಬರು ಮಜ್ಜಿಗೆ ಹಂಚಿಸುತ್ತಿದ್ದರು. ನಮ್ಮನ್ನೂ ಕೈಬೀಸಿ ನಿಲ್ಲಿಸಿದರು. ಹಸಿಮೆಣಸು, ಶುಂಠಿ, ಕೊತ್ತಂಬರಿ ಅರೆದು ಹಾಕಿದ ಆ ಮಜ್ಜಿಗೆಯ ಉಪ್ಪು ಬೆವರಿದ ಮೈಗೆ ಹಿತವಾಗಿತ್ತು.

“ಯಾವ ದೇವ್ರಿಗಪ್ಪ ನಿಮ್ಮ ಹರಕೆ?” ಎಂದರು. ದೇವರಿಗಲ್ಲವೆಂದೂ ಕಾಯಿಲೆಯ ಮಕ್ಕಳಿಗೋಸ್ಕರ ಹಣ ಕೂಡಿಸುತ್ತಿರುವೆವೆಂದೂ ತಿಳಿಸಿದೆ. ಅದರಲ್ಲಿ ಅವರಿಗೆ ಯಾವ ಸೋಜಿಗವೂ ಕಾಣಲಿಲ್ಲ. “ನಮ್ಮ ಮೊಮ್ಮಗೀಗೂ ಹುಸಾರು ತಪ್ಪಿತ್ತು. ವಾಸಿ ಆದ್ರೆ ನಡೆಯೋರ್ಗೆ ಮಜ್ಜಿಗೆ ಕೊಡ್ತೀನಿ ಅಂತ ಹೊತ್ಕಂಡಿದ್ದೆ” ಎಂದು ಲೋಟ ತುಂಬುತ್ತಿದ್ದ ಹುಡುಗನತ್ತ ಗಲ್ಲವೆತ್ತಿ ತೋರಿಸಿ, ಆಮೇಲೆ ಕೇಳಿದರು: “ಆ ಮಕ್ಕಳ್ನ ನೋಡಿದ್ದೀರಾ ನೀವು?”

ಮಗುವಿನ ರೋಗಕ್ಕೂ ದಾರಿಹೋಕನ ದಾಹಕ್ಕೂ ಏನು ಸಂಬಂಧವೆಂದು ಆಕೆಯನ್ನು ಯಾರೂ ಕೇಳಿರಲಾರರು. ತಮ್ಮವರ ಕಷ್ಟವನ್ನು ಕಂಡವರು ಅನ್ಯರ ಕಷ್ಟಕ್ಕಾಗಿ ತಮ್ಮ ದೇಹವನ್ನು ಒಂದಿಷ್ಟು ದಂಡಿಸುವುದು ಈ ನೆಲದಲ್ಲಿ ಹಿಂದಿನಿಂದಲೂ ಅರ್ಥವುಳ್ಳ ಕಾರ್ಯ. ನಾವು ಬೈಸಿಕಲ್ಲು ತಂದೆವಷ್ಟೆ. ಆದರೆ ಆಕೆಯ ಎರಡನೆಯ ಪ್ರಶ್ನೆ ಸುಲಭದ್ದಾಗಿರಲಿಲ್ಲ. ನಾನು ಆ ವಸತಿಗೃಹಕ್ಕೆ ಹೋಗಿಬಂದಿದ್ದೆ. ನಮ್ಮವರಲ್ಲಿ ಬಹುಮಂದಿ ಹೋಗಿರಲಿಲ್ಲ. ಹಲಗೂರಿನ ಆಚೆಗಿನ ಬಿಸಿಲಿನಲ್ಲಿ, ಬಾಯಾರುವ ಮೊದಲೇ ಕುಡಿಯುತ್ತ, ಹಸಿವಾಗುವ ಮೊದಲೇ ಬಾಳೆಹಣ್ಣು ಕಡಲೆಮಿಠಾಯಿ ತಿನ್ನುತ್ತ ಶಿಂಷಾ ಸೇತುವೆಯನ್ನು ದಾಟುವಾಗಲೂ, ಬನ್ನೂರಿನ ಹಸುರು ಗದ್ದೆಗಳ ನಡುವೆಯೂ ಆ ಪ್ರಶ್ನೆಯ ಚರ್ಚೆಯೇ ನಡೆಯಿತು. ಸಂಜೆಯ ವೇಳೆಗೆ ಮೈಸೂರನ್ನು ಸೇರಿದೆವು.

ಅನಂತರ ನಾವು ಮಾಡಿಕೊಂಡ ಕಟ್ಟಳೆ ಇದು. ಹೆಸರು ಕೊಟ್ಟ ಸವಾರನು ಹೊರಡುವ ಮೊದಲು ಒಂದು ದಿನವನ್ನು ವಸತಿಗೃಹದಲ್ಲಿ ಕಳೆಯತಕ್ಕದ್ದು. ಮಕ್ಕಳ ಕೊಠಡಿಗೆ ಹೋಗುವಂತಿಲ್ಲ. ಕೀಮೋಥೆರಪಿಯಿಂದ ರಕ್ತದ ಬಿಳಿಯ ಕಣಗಳು ಕುಗ್ಗಿರುವ ಮಗುವಿಗೆ ನಮ್ಮ ನೆಗಡಿಯೂ ಅಪಾಯಕಾರಿ. ಅಡುಗೆಮನೆಯಲ್ಲಿ ತರಕಾರಿ ಹೆಚ್ಚಬಹುದು, ದಿನಸಿ ಹೊರಬಹುದು, ತಂದೆಯರೊಡನೆ ಹೊರಜಗಲಿಯಲ್ಲಿ ಕುಳಿತು ಮಳೆಬೆಳೆಯ ಮಾತನಾಡಬಹುದು, ಬಾಡಿಗೆಯ ಲೆಕ್ಕವನ್ನು ಬಿಚ್ಚಿಸಿ ನೋಡಬಹುದು. ಮಕ್ಕಳನ್ನು ಬೈಸಿಕಲ್ಲಿನ ಪಕ್ಕದಲ್ಲಿ ನಿಲ್ಲಿಸಿ ಫೋಟೋ ತೆಗೆಯುವುದನ್ನು ನಿಷೇಧಿಸಿದ್ದೇವೆ. ಇದರಿಂದ ಕೆಲವರು ನಮ್ಮ ತಂಡವನ್ನು ಬಿಟ್ಟುಹೋದರು. ಉಳಿದವರು ಮನೆಮನೆಗೆ ಹೋಗಿ ಕೇಳುವಾಗ ಆ ಅಡುಗೆಮನೆಗೆ ತಿಂಗಳಿಗೆ ಎಷ್ಟು ಅಕ್ಕಿ ಬೇಕು, ಅದರ ಬೆಲೆಯೆಷ್ಟು ಎಂದು ಹೇಳಬಲ್ಲರು.